ಗೋಡೆಯ ಮೇಲಿನ ಲೈಸೆನ್ಸು

ಸನತ್‌ನಗರದ ಆ ತಗಡಿನ ಶೆಡ್ಡಿನಲ್ಲಿ ಆಸ್ಪತ್ರೆಗಳ ಚಾದರಗಳನ್ನು ತೊಳೆದು ಇಸ್ತ್ರಿ ಹಾಕುತ್ತಿದ್ದರು. ಹಬೆ ಕೊಡಲು ಹಿಂದುಗಡೆ ಕಟ್ಟಿಗೆಯ ಬಾಯ್ಲರೊಂದಿತ್ತು. ಅದರ ಎದುರು ಗೋಡೆಯ ಮೇಲೆ, ಗಾಜು ಕೂಡಿಸಿದ ಚೌಕಟ್ಟಿನಲ್ಲಿ ಪದ್ಮನಾಭನ ಲೈಸೆನ್ಸು. ಆಯುಧಪೂಜೆಯ ದಿನ ಬಾಯ್ಲರಿಗೆ ಎಷ್ಟು ಕುಂಕುಮವೋ ಆ ಚೌಕಟ್ಟಿಗೂ ಅಷ್ಟೇ ಕುಂಕುಮ. ಪದ್ಮನಾಭ ಮಾತ್ರ ತಿಂಗಳಿಗೊಂದು ಸಲ ಮುಖ ತೋರಿಸಿ, ತನ್ನ ಹೆಸರಿನ ಬಾಡಿಗೆ ಇಸಿದುಕೊಂಡು ಮಾಯವಾಗುವವನು. ಬೆಂಕಿ ಹಚ್ಚುವವಳು, ನೀರು ಕಾಯುವವಳು, ಅದರ ಸಿಟ್ಟು ಸೆಡವು ಬಲ್ಲವಳು ಗುರುಬಾಯಿ.

ಹುಮನಾಬಾದಿನ ಕಡೆಯಿಂದ ಈ ತೆಲುಗು ಸೀಮೆಗೆ ದುಡಿಯಲು ಬಂದ ಹೆಂಗಸಿಗೆ ಬಾಯ್ಲರ್ ಕಂಡಾಗಲೆಲ್ಲ ಅಜ್ಜಿಯ ಕಥೆಯ ರಾಕ್ಷಸಿ ನೆನಪಾಗುತ್ತಿದ್ದಳು. ಏಳು ಬಾವಿ ನೀರು ಕುಡಿದರೂ ದಣಿಯದವಳು. ಹೊಟ್ಟೆ ತುಂಬಿದಾಗ ಗೊಣಗುವವಳು, ಹಸಿದಾಗ ಗಪ್ಪಾಗುವವಳು. 'ಆಕಿ ಗಪ್ಪಾದಾಗ ಅಂಜಬೇಕವ್ವಾ' ಎನ್ನುತ್ತಿದ್ದಳು ಅಜ್ಜಿ, ಒಲೆಯ ಕೆಂಡಕ್ಕೆ ಬೂದಿ ಮುಚ್ಚುತ್ತ. ಗುರುಬಾಯಿಯ ಕಾಲ ಬುಡದಲ್ಲಿ ಯಾವಾಗಲೂ ಎರಡು ಬಕೆಟ್ ಹಸಿ ಬೂದಿ ಇರುತ್ತಿತ್ತು. ಯಾರೂ ಕಲಿಸಿದ್ದಲ್ಲ.

ಅಂದು ಬೆಳಿಗ್ಗೆಯೇ ಮಾಲಕ ವೈಜನಾಥ ಅವಳನ್ನು ಪಕ್ಕಕ್ಕೆ ಕರೆದ. ಅವನ ಜೇಬಿನಿಂದ, ಬಾಯ್ಲರಿನ ಪರೀಕ್ಷೆಗೆ ಕೂರಲು ಅವಳು ಬರೆಸಿಟ್ಟ ಅರ್ಜಿ ಇಣುಕುತ್ತಿತ್ತು.

"ಇವತ್ತು ಬಾಯ್ಲರ್ ಆಫೀಸಿನ ಸಾಹೇಬ್ರು ಬರಾಕತ್ತಾರ. ಹೊಸಾ ಕಾಯ್ದೆದ್ದು ಕರಡು ಐತಲ್ಲ, ಸಣ್ಣ ಕಾರ್ಖಾನೆಯವ್ರನ್ನ ಕೇಳ್ಕೊಂತ ಹೊಂಟಾರ. ನೀ ಇವತ್ತ ಚಾದರ ಮಡಚಾಕಿ, ಅಷ್ಟ. ಬಾಯ್ಲರ್ ಕಡೆ ಹಾಯಬ್ಯಾಡ. ಸಂಜೀಕ ಇದಕ್ಕ ಸಹಿ ಹಾಕಿ ಕೊಡ್ತೀನಿ."

ಆ ಕರಡು ಗುರುಬಾಯಿಗೆ ಬಾಯಿಪಾಠವಾಗಿತ್ತು. ಇಲ್ಲಿಯವರೆಗೆ ಶಾಲೆಯ ಸರ್ಟಿಫಿಕೇಟು ಇಲ್ಲದವರು ಬಾಯ್ಲರಿನ ಪರೀಕ್ಷೆಗೆ ಕೂರುವಂತಿರಲಿಲ್ಲ. ಕರಡು ಕಾಯ್ದೆಯಾದ ಮೇಲೆ, ಲೈಸೆನ್ಸು ಇದ್ದವರ ಕೈಕೆಳಗೆ ಐದು ವರ್ಷ ದುಡಿದಿದ್ದೇನೆಂದು ಮಾಲಕರಿಂದ ಬರೆಸಿ ತಂದರೆ ಸಾಕು. ಆದರೆ ಲೈಸೆನ್ಸಿಲ್ಲದೆ ಒಬ್ಬರೇ ಬಾಯ್ಲರ್ ನಡೆಸಿ ಸಿಕ್ಕಿಬಿದ್ದವರಿಗೆ ಆ ಬಾಗಿಲು ಮುಚ್ಚಿದ ಹಾಗೆಯೇ. ಅವಳು ನಡೆಸಿದ್ದು ಒಬ್ಬಳೇ. ಆ ಸುಳ್ಳು ಸಹಿಯ ಹೊರತು ಅವಳಿಗೆ ಬೇರೆ ದಾರಿ ಇರಲಿಲ್ಲ.

"ಮಾಲಕರ, ಬಾಯ್ಲರ್ ತಳದ ಕೆಸರು ನೀರು ಹೊರಗ ಬಿಡೋ ವಾಲ್ವ್ ಸುಮ್ಮ ತಿರುವಿದ್ರ ಮುಚ್ಚಂಗಿಲ್ಲ. ಮ್ಯಾಲೆ ಇನ್ನೂ ಅರ್ಧ ಸುತ್ತು ಜಗ್ಗಬೇಕು. ಪದ್ಮಣ್ಣಗ ಹೇಳ್ರಿ. ನೀರು ಕಮ್ಮಿ ಆದ್ರ ಕೂಗೋ ಸೀಟೀನೂ ದಸರಾದಿಂದ ಕೆಟ್ಟೈತಿ..."

"ಅಂವಗ ಲೈಸೆನ್ಸ್ ಐತಿ. ನೀ ಹೇಳಿ ಕೊಡ್ತೀಯೇನು?"

ಹನ್ನೊಂದಕ್ಕೆ ಸಾಹೇಬರು ಬಂದರು. ರವಿಕಿರಣ ಅಂತ ಹೆಸರು, ಹೆಚ್ಚು ಮಾತಿಲ್ಲದ ಮನುಷ್ಯ. ವೈಜನಾಥ ಅವರನ್ನು ಮುಂದಿನ ಕೋಣೆಗೆ ಕರೆದೊಯ್ದು ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು ಇಟ್ಟ. ಹಿಂದುಗಡೆ ಪದ್ಮನಾಭ ಹೊಸ ಬೂಟು ಹಾಕಿಕೊಂಡು, ಸಾಹೇಬರಿಗೆ ತೋರಿಸಲೆಂದೇ ಗಡಬಡಿಸಿ ಕೆಸರು ನೀರು ಬಿಟ್ಟ. ಹಿತ್ತಿಲ ಮೋರಿಯಲ್ಲಿ ಭುಸ್ಸೆಂದು ಹಬೆ ಎದ್ದಿತು.

ಮಡಚುವ ಮೇಜಿನಲ್ಲಿದ್ದ ಪಿಂಕಿ ಕಿಸಕ್ಕನೆ ನಕ್ಕಳು. "ನೋಡಕ್ಕ, ನಿನ್ನ ಗ್ವಾಡಿ ಮ್ಯಾಲಿನ ದೇವ್ರು ಕೆಳಗ ಇಳದಾನ! ಬೂಟು ನೋಡು, ಮದ್ವಿ ಗಂಡಿನಂಗ."

ಗುರುಬಾಯಿ ನಗಲಿಲ್ಲ. ಅವಳ ಕಿವಿ ಮೋರಿಯ ಮೇಲಿತ್ತು. ಹತ್ತು ಎಣಿಸುವಷ್ಟರಲ್ಲಿ ಆ ಸದ್ದು ನಿಲ್ಲಬೇಕು. ಸಣ್ಣಗಾಯಿತು, ನಿಲ್ಲಲಿಲ್ಲ. ಎಳೆಯಂಥ ಸಿಳ್ಳು ಎಳೆದುಕೊಂಡೇ ಹೋಯಿತು; ವಾಲ್ವ್ ಪೂರ್ತಿ ಮುಚ್ಚಿರಲಿಲ್ಲ, ಬಾಯ್ಲರಿನ ನೀರು ಸೋರುತ್ತಿತ್ತು.

ಒಂದು ಚಾದರ ಮಡಚಿದಳು. ಇನ್ನೊಂದು ಮಡಚಿದಳು. ಈಗ ಗೊತ್ತಾಗಬಹುದು ಅವನಿಗೆ. ಈಗ ನೀರಿನ ಮಟ್ಟದ ಗಾಜು ನೋಡಬಹುದು. ಮೂರನೆಯ ಚಾದರದ ಅಂಚು ಅಂಚಿಗೆ ಕೂಡಲಿಲ್ಲ. ಮಾಲಕನ ಜೇಬಿನ ಕಾಗದ ಕಣ್ಣಿಗೆ ಕಟ್ಟಿತು. ಶೆಡ್ಡಿನಲ್ಲಿ ಹದಿನಾಲ್ಕು ಮಂದಿ ಹೆಂಗಸರಿದ್ದರು.

ಆಗ ಬಾಯ್ಲರಿನ ಗೊಣಗಾಟ ನಿಂತಿತು.

"ಪಿಂಕಿ, ಎಲ್ಲಾರನ್ನೂ ಹೊರಗ ಕರ್ಕೊಂಡು ನಡಿ."

"ಯಾಕಕ್ಕ?"

"ನಡೀ ಅಂದೆ!"

ಗುರುಬಾಯಿ ಬಾಯ್ಲರಿನ ಕಡೆ ಓಡಿದಳು. ನೀರಿನ ಮಟ್ಟ ತೋರಿಸುವ ಗಾಜಿನಲ್ಲಿ ನೀರೇ ಇರಲಿಲ್ಲ. ಅದರ ಎದುರು ಬೆವೆತು ನಿಂತ ಪದ್ಮನಾಭನ ಕೈ ಪಂಪಿನ ಗುಂಡಿಯ ಮೇಲಿತ್ತು.

"ನೀರು ಬಿಡಬ್ಯಾಡ!" ಅವನ ಮಣಿಕಟ್ಟಿಗೆ ಹೊಡೆದಳು. "ಕಾದ ಹಂಚಿಗೆ ನೀರು ಹೊಯ್ದಂಗ ಆಗತೈತಿ. ನಾವು ಸಿಗಾಂಗಿಲ್ಲ, ಚೂರು ಸಿಗತಾವ!"

"ನಾ ಲೈಸೆನ್ಸ್..."

"ನಿನ್ನ ಲೈಸೆನ್ಸ್ ಬ್ಯಾರೆಯವ್ರಿಗೆ ತೋರ್ಸು. ಇದಕ್ಕ ಓದಾಕ ಬರಾಂಗಿಲ್ಲ. ಅತ್ತಾಗ ಸರೀ!"

ಒಲೆಗೆ ಗಾಳಿ ಊದುವ ಫ್ಯಾನು ಆರಿಸಿದಳು. ಸೆರಗು ಕೈಗೆ ಸುತ್ತಿ ವಾಲ್ವನ್ನು ಆ ಅರ್ಧ ಸುತ್ತು ಜಗ್ಗಿದಳು. ಮೋರಿಯ ಸಿಳ್ಳು ಕತ್ತರಿಸಿದಂತೆ ನಿಂತಿತು. ಒಲೆಯ ಬಾಗಿಲು ತೆರೆದಾಗ ಬೆಂಕಿ ಮುಖಕ್ಕೆ ಹಾರಿತು, ಹುಬ್ಬು ಕಮರಿದ ವಾಸನೆ ಬಂತು. ಒಂದು ಬಕೆಟ್ ಹಸಿ ಬೂದಿ. ಎರಡನೆಯದು. ಬೆಂಕಿ ಕೆಂಪಾಗಿ, ಕಪ್ಪಾಗಿ, ಮಲಗಿತು. ಬಾಗಿಲು ಹಾಕಿ, ಒತ್ತಡದ ಮುಳ್ಳನ್ನೇ ನೋಡುತ್ತ ನಿಂತಳು. ಮುಳ್ಳು ಅಲುಗಲಿಲ್ಲ. ಅಜ್ಜಿಯ ಕಥೆಯಲ್ಲೂ ಇಷ್ಟು ಹೊತ್ತು ಯಾರೂ ಉಸಿರು ಹಿಡಿದಿರಲಿಲ್ಲ. ಕೊನೆಗೆ ಮುಳ್ಳು ಒಂದು ಗೆರೆ ಇಳಿಯಿತು. ಇನ್ನೊಂದು ಗೆರೆ ಇಳಿಯಿತು.

ತಿರುಗಿದಾಗ ಬಾಗಿಲಲ್ಲಿ ಸಾಹೇಬರಿದ್ದರು. ಅವರ ಹಿಂದೆ ವೈಜನಾಥ, ಸುಣ್ಣದಂಥ ಮುಖ ಹೊತ್ತು, ಕಣ್ಣಲ್ಲೇ ಬೇಡುತ್ತಿದ್ದ.

"ನಮ್ಮ ಹೆಲ್ಪರ್ ರೀ ಸಾಹೇಬ್ರ. ಪದ್ಮನಾಭ ಹೇಳಿದಂಗ ಮಾಡ್ಯಾಳ. ಅಲ್ಲೇನು ಗುರುಬಾಯಿ?" ಎಂದ. ಅವನ ಕೈ ಜೇಬಿನ ಅರ್ಜಿಯ ಮೇಲಿತ್ತು. ಹೌದೆಂದರೆ ಸಹಿ ಸಿಗುತ್ತಿತ್ತು.

"ನಾನೂ ಜಹೀರಾಬಾದಿನವನ ರೀ, ಕನ್ನಡದಾಗ ಹೇಳ್ರಿ," ಎಂದರು ರವಿಕಿರಣ. "ಎಷ್ಟು ವರ್ಷಾತು ನೀವು ಇದನ್ನ ನಡಸಾಕತ್ತಿ?"

ಮಾಲಕನ ಮಾತಿಗೆ ಹೌದೆಂದರೆ, ಮುಂದೆಯೂ ಸಾಹೇಬರು ಬಂದಾಗಲೆಲ್ಲ ಇದರ ಮುಂದೆ ನಿಲ್ಲುವವನು ಈ ಪದ್ಮನಾಭನೇ. ಹೊರಗೆ ಪಿಂಕಿ ಯಾರನ್ನೋ ಗದರಿಸುವುದು ಕೇಳಿಸಿತು.

"ಆರು ವರ್ಷ ರೀ. ಒಬ್ಬಾಕೀನ."

"ಮತ್ತ ಇವರು?" ಸಾಹೇಬರು ಪದ್ಮನಾಭನ ಕಡೆ ಕೈ ತೋರಿಸಿದರು.

"ಗ್ವಾಡಿ ಮ್ಯಾಲಿದ್ರು."

ಸಾಹೇಬರು ನಗಲಿಲ್ಲ. ಚೌಕಟ್ಟನ್ನು ಮೊಳೆಯಿಂದ ಇಳಿಸಿ ಕಂಕುಳಲ್ಲಿ ಇಟ್ಟುಕೊಂಡರು. ಗೋಡೆಯ ಮೇಲೆ ಚೌಕಾಕಾರದ ಬಿಳಿ ಕಲೆ ಉಳಿಯಿತು.

"ಈಗಿನ ಕಾಯ್ದೆ ಪ್ರಕಾರ ನಿಮ್ಮ ಮ್ಯಾಲೂ ಕೇಸ್ ಬರೀಬೇಕಾಗ್ತದ, ಅಕ್ಕಾರ. ಬರೀತೀನಿ. ಕರಡಿನ ವರದಿಯೊಳಗ ಇವತ್ತು ಕಂಡದ್ದೂ ಬರೀತೀನಿ. ಮ್ಯಾಲಿನವ್ರು ಎರಡರಾಗ ಯಾವುದು ಓದ್ತಾರೋ, ನಾ ಮಾತು ಕೊಡಂಗಿಲ್ಲ."

"ಬರೀರಿ. ಬೂದಿ ಬಕೆಟ್ ಮಾತ್ರ ಮರೀಬ್ಯಾಡ್ರಿ. ಎಲ್ಲಾ ಬಾಯ್ಲರ್ ಮುಂದೂ ಇಡ್ಸ್ರಿ."

ವೈಜನಾಥ ಅರ್ಜಿಯನ್ನು ಜೇಬಿನೊಳಗೆ ಇನ್ನೂ ಆಳಕ್ಕೆ ತುರುಕಿದ. ಸಾಹೇಬರು ಬಾಯ್ಲರಿಗೆ ಸೀಲು ಹಾಕಿದರು. ಆಮೇಲೆ ಮುಳ್ಳನ್ನು ನೋಡಿ ಕೇಳಿದರು: "ತಣ್ಣಗಾಗೋ ತನಕ ಇದನ್ನ ಕಾಯೋರು ಯಾರು?"

ಎಲ್ಲರೂ ಪದ್ಮನಾಭನ ಕಡೆ ನೋಡಿದರು. ಪದ್ಮನಾಭ ತನ್ನ ಬೂಟಿನ ಕಡೆ ನೋಡಿದ.

ಗುರುಬಾಯಿ ಆಗಲೇ ತನ್ನ ಕಾಲುಮುರಿದ ಸ್ಟೂಲನ್ನು ಎಳೆದುಕೊಂಡು ಮುಳ್ಳಿನ ಎದುರು ಕೂತಿದ್ದಳು. ಸಾಹೇಬರು ಅದನ್ನು ಕಂಡರು. ಕಾಯುವವರ ಹೆಸರು ಬರೆಯಲು ಎತ್ತಿದ ಪೆನ್ನನ್ನು ಜೇಬಿಗೆ ಸಿಕ್ಕಿಸಿ ಹೊರಗೆ ನಡೆದರು.