ಸುಳ್ಳು ಹಸಿರು

ಅಣ್ಣತಮ್ಮಂದಿರ ಪುಟ್ಟ ಸಾಫ್ಟ್‌ವೇರ್ ಕಚೇರಿಗೆ ಬೆಳಿಗ್ಗೆಯಿಂದ ಔಷಧಿ ಅಂಗಡಿಗಳಿಂದ ಬಿಟ್ಟೂಬಿಡದೆ ಫೋನು ಬರುತ್ತಿತ್ತು. ನಿನ್ನೆ ಕಳಿಸಿದ ಬಿಲ್ಲಿಂಗ್ ಪ್ರೋಗ್ರಾಂ ಯಾರಲ್ಲೂ ತೆರೆಯುತ್ತಿರಲಿಲ್ಲ. "ನನ್ನ ತಮ್ಮಂದೇ ತಪ್ಪು ಸರ್, ಹುಡುಗುಬುದ್ಧಿ" ಎಂದು ಅಣ್ಣ ಒಬ್ಬೊಬ್ಬರಿಗೂ ಹೇಳುತ್ತಿದ್ದುದನ್ನು ಕೇಳಿ ತಮ್ಮನ ಮೈಯೆಲ್ಲ ಉರಿಯಿತು.

ಹಳೇ ಕಂಪ್ಯೂಟರೊಂದನ್ನು ಹಿಂದಿನ ಕೋಣೆಯಲ್ಲಿಟ್ಟು ಸರ್ವರ್ ಮಾಡಿದವನು ಅವನೇ. ಯಾರು ಕೋಡ್ ಬದಲಿಸಿದರೂ ಅದು ತನ್ನಲ್ಲಿರುವ ಹಿಂದಿನ ಫೈಲುಗಳನ್ನೆಲ್ಲ ಅಳಿಸಿ, ಪ್ರೋಗ್ರಾಮನ್ನು ಮೊದಲಿಂದ ಕಟ್ಟಿ, ಪರೀಕ್ಷಿಸಿ, ಸರಿಯಿದ್ದರೆ ಮಾತ್ರ ತೆರೆಯ ಮೇಲೆ ಹಸಿರು ಗುರುತು ತೋರಿಸಬೇಕು. ಈಗ ನೋಡಿದರೆ ಅಳಿಸುವ ಹಂತವನ್ನೇ ಯಾರೋ ಕಿತ್ತುಹಾಕಿದ್ದರು. ಬೇಕಾದದ್ದೆಂದು ತಿಳಿಯದೆ ಅಣ್ಣ ಕೋಡಿನಿಂದ ತೆಗೆದುಹಾಕಿದ್ದ ಫೈಲೊಂದರ ಹಳೆಯ ಪ್ರತಿ ಸರ್ವರಿನಲ್ಲಿ ಹಾಗೇ ಬಿದ್ದಿತ್ತು. ಹಸಿರು ಬಂದದ್ದು ಅದರಿಂದ. ಅಂಗಡಿಗಳಿಗೆ ಆ ಫೈಲು ಹೋಗಿರಲೇ ಇಲ್ಲ.

"ಇದನ್ನ ಕಿತ್ತಿದ್ದು ಯಾರು?" ಎಂದು ಅಣ್ಣನನ್ನು ಕೇಳಿದ.

"ನಾನೇ ಕಣೋ. ಪ್ರತಿ ಸಲ ಅಳಿಸ್ಕೊಂಡು ಕೂತ್ರೆ ಊಟದ ಹೊತ್ತಾಗುತ್ತೆ. ಹಸಿರು ಬಂತಲ್ಲ, ಇನ್ನೇನು?"

"ನಿನ್ನೆಯ ಎಂಜಲು ತಟ್ಟೆ ನೋಡಿ ಇವತ್ತಿನ ಅಡುಗೆ ಆಯ್ತು ಅಂದಂಗಿದೆ! ಕೆಡಿಸಿದ್ದು ನೀನು, ಹಾಳಾಗಿದ್ದು ನನ್ನ ಹೆಸರು!"

"ಮೆಲ್ಲಗೋ, ಹೊರಗೆ ನಿಮ್ಮತ್ತಿಗೆ ಲೆಕ್ಕ ಬರೀತಾ ಕೂತಿದಾಳೆ."

"ಕೇಳಿಸ್ಕೊಳ್ಲಿ!"

ತಮ್ಮ ಅಳಿಸುವ ಹಂತವನ್ನು ಮತ್ತೆ ಸೇರಿಸಿ ಓಡಿಸಿದ. ಕೆಂಪು ಬಂತು. ಕಾಣೆಯಾಗಿದ್ದ ಫೈಲನ್ನು ಕೋಡಿಗೆ ಹಾಕಿದ. ಹಸಿರು ಬಂತು. ಕೀಲಿಗಳು ಮುರಿಯುವ ಹಾಗೆ ಕುಟ್ಟುತ್ತ ಸರ್ವರಿನ ಪಾಸ್‌ವರ್ಡನ್ನೂ ಬದಲಿಸಿದ.

"ಹೊಸದು ಏನಿಟ್ಟೆ? ಹೇಳೋ."

"ಅತ್ತಿಗೆಗೆ ಹೇಳ್ತೀನಿ, ನಿಂಗಲ್ಲ. ನೀನು ಫೋನ್ ತಗೋ. ತಪ್ಪು ಯಾರದು ಅಂತ ಎಲ್ಲರಿಗೂ ಹೇಳಿ ಮುಗಿಸು."