ಚೀಟಿ ಅಂಟಿಸಿದ ಕಪಾಟು

ನಾನು ಒಂದು ಕಪಾಟು. ಕಪ್ಪು ಮಣ್ಣಿನ ಸೀಮೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ನನ್ನ ಬದುಕು ಕಳೆದಿದೆ. ಅದಕ್ಕೂ ಮೊದಲು ಹಳೆಯ ಚಾವಡಿಯ ಬಾಗಿಲಾಗಿದ್ದೆ. ಚಾವಡಿ ಕೆಡವಿದಾಗ ಊರವರು ಆ ಸಾಗುವಾನಿ ಹಲಗೆಗಳನ್ನು ಶಾಲೆಗೆ ಕೊಟ್ಟರು. ಮೌನೇಶ ಬಡಿಗೇರ ಶಾಲೆಯ ಅಂಗಳದಲ್ಲೇ ಕೂತು, ಬೀಡಿ ಸೇದುತ್ತ, ನನ್ನನ್ನು ಕೊಯ್ದು ಜೋಡಿಸಿದ. ಮುಂದೆ ಗಾಜಿನ ಎರಡು ಕದ, ಒಳಗೆ ನಾಲ್ಕು ಅಂತಸ್ತು. ಹಿಂಬದಿಗೆ ಬರುವಾಗ ಹಲಗೆ ಸಾಲಲಿಲ್ಲ. ಎಡಮೂಲೆಯಲ್ಲಿ ಬೆರಳು ತೂರುವಷ್ಟು ಸೀಳು ಉಳಿಯಿತು.

“ಗ್ವಾಡಿಗೆ ಹಚ್ಚಿ ಇಟ್ರ ಯಾರಿಗೆ ಕಾಣತೈತ್ರಿ? ಸಾಗವಾನಿ ಐತಿ, ಗೆದ್ದಲ ಇದನ್ನ ಮೂಸಿ ಸುದ್ದಾ ನೋಡೂದಿಲ್ಲ,” ಎಂದ.

ಅವನ ಮಾತು ಸುಳ್ಳಾಗಲಿಲ್ಲ. ಗೆದ್ದಲು ಇಂದಿಗೂ ನನ್ನನ್ನು ಮುಟ್ಟಿಲ್ಲ.

ನನ್ನೊಳಗೆ ಪುಸ್ತಕ ಜೋಡಿಸಿದವರು ಕಮ್ಮಾರ ಅಕ್ಕೋರು. ಕಲಿಸುವ ಹೆಣ್ಣುಮಕ್ಕಳನ್ನು ಈ ಕಡೆಯ ಮಕ್ಕಳು ಅಕ್ಕೋರು ಎಂದೇ ಕರೆಯುತ್ತಾರೆ. ಅವರು ಕನ್ನಡ ಕಲಿಸುತ್ತಿದ್ದರು. ಗ್ರಂಥಾಲಯವೂ ಅವರ ಪಾಲಿಗೇ ಬಂದಿತ್ತು. ಹಳೆಯ ಕ್ಯಾಲೆಂಡರಿನ ಹಾಳೆಗಳಿಂದ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದರು. ಮೈದಾದ ಅಂಟು ಕಾಯಿಸುವಾಗ ಹುಳ ಹತ್ತದಂತೆ ಚಿಟಿಕೆ ಮೈಲುತುತ್ತ ಬೆರೆಸುತ್ತಿದ್ದರು. ಬೆಳಿಗ್ಗೆ ಬಂದವರೇ ನನ್ನ ಕದ ತೆರೆದಿಟ್ಟು, ಆಮೇಲೆ ಹಾಜರಿಗೆ ಹೋಗುತ್ತಿದ್ದರು. ಆಗಾಗ ನನ್ನನ್ನು ಗೋಡೆಯಿಂದ ಮುಂದಕ್ಕೆಳೆದು ಬೆನ್ನ ಹಿಂದೆ ಗುಡಿಸುತ್ತಿದ್ದರು. ಕದಕ್ಕೆ ಕೀಲಿ ಇತ್ತು, ಆದರೆ ಅದನ್ನು ಹಾಕಿದ್ದು ನನಗೆ ನೆನಪಿಲ್ಲ.

ಶನಿವಾರ ಮಕ್ಕಳು ಸಾಲಾಗಿ ಬರುತ್ತಿದ್ದರು.

“ಎಲ್ಲಿ, ಕೈ ತೋರಸ್ರಿ.”

“ತೊಳದೇನ್ರೀ ಅಕ್ಕೋರ.”

“ತೊಳದು ಬಂದೀಯೋ, ನೀರಿಗೆ ತೋರಿಸಿ ಬಂದೀಯೋ?”

ಆ ಸಾಲಿನ ಕೊನೆಗೆ ಆರನೇತ್ತೆಯ, ಎಂದರೆ ಆರನೇ ತರಗತಿಯ, ಫಕ್ಕೀರವ್ವ ನಿಲ್ಲುತ್ತಿದ್ದಳು. ಬೇಕೆಂದೇ ಕೊನೆಗೆ ನಿಲ್ಲುವವಳು. ಹಿಂದೆ ಯಾರೂ ಇರದಿದ್ದರೆ ಅವಸರ ಮಾಡುವವರು ಇರುವುದಿಲ್ಲ. ಬೆರಳಿಟ್ಟು ನಿಧಾನ ಓದುತ್ತಿದ್ದಳು. ಅವಳು ಕೊನೆಗೆ ಒಯ್ದದ್ದು, ನದಿ ಎಲ್ಲಿ ಹುಟ್ಟುತ್ತದೆಂದು ನೋಡಲು ದಡ ಹಿಡಿದು ಹೊರಟ ಹುಡುಗಿಯೊಬ್ಬಳ ಕಥೆ. ಈ ಊರಲ್ಲಿ ಇರುವುದು ಒಂದು ಹಳ್ಳ, ಅದೂ ಮಳೆಗಾಲಕ್ಕೆ ಮಾತ್ರ.

ಅವಳು ಅರ್ಧ ಓದಿರುವಾಗಲೇ ಅಕ್ಕೋರಿಗೆ ದೂರದ ತಾಲ್ಲೂಕಿಗೆ ವರ್ಗವಾಯಿತು. ಹೊರಗಿದ್ದ ಪುಸ್ತಕಗಳೆಲ್ಲ ವಾಪಸು ಬಂದವು. ಫಕ್ಕೀರವ್ವ ತನ್ನ ಪುಸ್ತಕದ ನಡುವೆ ಕೆಂಪು ರಿಬ್ಬನಿನ ತುಂಡು ಇಟ್ಟು ಕೊಟ್ಟಳು.

“ಸೋಮವಾರ ಹೊಸಬ್ರು ಯಾರರ ಕೊಡ್ತಾರ. ಆಮ್ಯಾಲ ಓದೀಯಂತ ತಗೋ,” ಎಂದು ಅಕ್ಕೋರು ಅವಳ ತಲೆ ಸವರಿದರು.

ಆದರೆ ನನ್ನನ್ನು ವಹಿಸಿಕೊಳ್ಳಲು ಯಾರೂ ಒಪ್ಪಲಿಲ್ಲ. “ನನಗ ಬ್ಯಾಡ್ರಿ ಸರ್. ಹುಡುಗ್ರು ಹರೀತಾವ, ಕಳೀತಾವ. ನಾ ಯಾಕ ಉತ್ತರಾ ಕೊಡ್ಲಿ?” ಎಂದರು ಗಣಿತದ ಹೊಸಮನಿ ಮಾಸ್ತರು. ಮುಖ್ಯಗುರು ಬಾಳಿಕಾಯಿ ಸರ್ ಕೆಟ್ಟವರಲ್ಲ. ಆದರೆ ಮರುವರ್ಷ ನಿವೃತ್ತಿ. ಕೊನೆಗಾಲದಲ್ಲಿ ಕಪ್ಪುಚುಕ್ಕೆ ಬೀಳಬಾರದೆಂಬ ಅಂಜಿಕೆ. ನನ್ನ ಎರಡೂ ಕದ ಸೇರುವಲ್ಲಿ ಅಡ್ಡಲಾಗಿ ಕಾಗದದ ಚೀಟಿ ಅಂಟಿಸಿದರು. ಅದರ ಮೇಲೆ ತಾವು ಸಹಿ ಮಾಡಿ, ಅಕ್ಕೋರಿಂದಲೂ ಮಾಡಿಸಿದರು. ಇಬ್ಬರೂ ಎದುರಿಗಿದ್ದಾಗಲೇ ಆ ಚೀಟಿ ಹರಿಯಬೇಕು.

ಫಕ್ಕೀರವ್ವ ದಿನಾಲು ಬಂದು ಗಾಜಿಗೆ ಮೂಗು ಹಚ್ಚಿ ನಿಲ್ಲುತ್ತಿದ್ದಳು. ರಿಬ್ಬನಿನ ತುದಿ ಅಲ್ಲಿಂದ ಕಾಣುತ್ತಿತ್ತು.

“ಏನವಾ, ಕಪಾಟಿನ ಪೂಜಾಕ್ಕ ಬರೇ ಕೈಲೆ ಬಂದೀಯಲ್ಲ? ಊದಿನಕಡ್ಡಿ ಎಲ್ಲಿ?” ಎಂದು ಹೊಸಮನಿ ಮಾಸ್ತರು ನಕ್ಕರು.

“ದೇವ್ರು ಒಳಗ ಅದಾನ್ರಿ ಸರ್. ಪೂಜಾರಿ ಕೀಲಿ ತಗೀವಲ್ರು.”

ಮಳೆ ಹಿಡಿಯಿತು. ಗೋಡೆ ತಂಪಾಯಿತು. ಒಂದು ದಿನ ಎಡಮೂಲೆಯ ಸೀಳಿನಲ್ಲಿ ಕಚಗುಳಿ ಇಟ್ಟಂತಾಯಿತು. ಗೆದ್ದಲು ನನ್ನನ್ನು ಮೂಸಲಿಲ್ಲ. ಪಕ್ಕದಲ್ಲೇ ಹಾದು, ಕ್ಯಾಲೆಂಡರಿನ ರಟ್ಟುಗಳ ಕಡೆಗೆ ನಡೆಯಿತು. ಎಡಗಡೆಯ ಪುಸ್ತಕದಿಂದ ಶುರುವಾಗಿ ಒಂದೊಂದಾಗಿ ಮುಗಿಸುತ್ತ ಬಂತು. ಕಾಗದ ಕಡಿಯುವ ಆ ಸಣ್ಣ ಸದ್ದು ನನ್ನ ಹೊಟ್ಟೆಯೊಳಗೇ ಕೇಳುತ್ತಿತ್ತು. ನಾನೇನು ಮಾಡಲಿ? ಬಿಸಿಲಿಗೆ ಹಲಗೆ ಒಣಗಿದಾಗ ಟಕ್ ಎನ್ನುತ್ತೇನೆ. ನನಗಿರುವ ಮಾತು ಅದೊಂದೇ.

ಗಾಜಿನ ಒಳಗೆ ಮಣ್ಣಿನ ಗೆರೆಯೊಂದು ಏರಿದ್ದನ್ನು ಮೊದಲು ಕಂಡವಳು ಫಕ್ಕೀರವ್ವ. ಓಡಿಹೋಗಿ ಬಾಳಿಕಾಯಿ ಸರ್ ಅವರನ್ನು ಕರೆತಂದಳು.

“ಗೆದ್ದಲ ಹತ್ತೇತ್ರಿ ಸರ್. ಇನ್ನಾ ನನ್ನ ಪುಸ್ತಕದ ತನಾ ಬಂದಿಲ್ರಿ. ಈಗ ತಗದ್ರ ಉಳೀತಾವ್ರಿ.”

ಸರ್ ಬಗ್ಗಿ ನೋಡಿದರು. ಕೈ ಚೀಟಿಯ ತನಕ ಹೋಯಿತು. ಎಳೆಯಿರಿ, ಎಳೆಯಿರಿ ಎಂದು ನನ್ನ ಜೀವ ಒದ್ದಾಡಿತು. ಆ ಕೈ ಹಿಂದಕ್ಕೆ ಬಂತು.

“ನಾ ಒಬ್ಬಾಂವ ಹೆಂಗ ಹರೀಲವಾ? ನಾಳೆ ಇದು ನನ್ನ ಕೊಳ್ಳಿಗೆ ಬರ್ತೈತಿ. ಅಕ್ಕೋರಿಗೆ ಹೇಳಿ ಕಳಸ್ತೀನಿ.”

ಹೇಳಿ ಕಳಿಸಿದರು. ಅಲ್ಲಿ ಅಕ್ಕೋರು ಒಬ್ಬರೇ ಇಡೀ ಶಾಲೆ ನಡೆಸುತ್ತಿದ್ದರು. ಬಿಟ್ಟು ಬರಲು ಅಪ್ಪಣೆ ಸಿಗಲಿಲ್ಲ. ಸರ್ ಮನೆಯಿಂದ ಸೀಮೆಎಣ್ಣೆ ತಂದು ನನ್ನ ಕಾಲಿಗೆ ಸುರಿದರು. ಅವರ ಕೈಲಾದದ್ದು ಅಷ್ಟು. ಮಣ್ಣಿನ ಗೆರೆ ಪುಸ್ತಕದಿಂದ ಪುಸ್ತಕಕ್ಕೆ ಸರಿಯುತ್ತ ಹೋಯಿತು. ಫಕ್ಕೀರವ್ವ ಗಾಜಿನ ಮೇಲೆ ಬೆರಳಿಟ್ಟು, ತನ್ನ ರಿಬ್ಬನಿಗೆ ಇನ್ನೆಷ್ಟು ದೂರ ಎಂದು ನೋಡುತ್ತಿದ್ದಳು. ಕೆಲವು ದಿನಗಳಾದ ಮೇಲೆ ಬರುವುದನ್ನೇ ಬಿಟ್ಟಳು.

ಸರ್ ನಿವೃತ್ತರಾಗುವ ವಾರ ಎಲ್ಲವನ್ನೂ ಒಪ್ಪಿಸಿ ಹೋಗಬೇಕಿತ್ತು. ಆಗ ಮೇಲಿನವರೇ ಅಕ್ಕೋರನ್ನು ಕಳಿಸಿಕೊಟ್ಟರು. ಚೀಟಿ ಹರಿದು ಕದ ತೆರೆದಾಗ ಉತ್ತ ಹೊಲದ ವಾಸನೆ ಹೊರಗೆ ಬಂತು. ಮುಂದಿನಿಂದ ನೋಡಿದರೆ ಪುಸ್ತಕಗಳು ಸಾಲಾಗಿ, ನೆಟ್ಟಗೆ ನಿಂತಿದ್ದವು. ಅಕ್ಕೋರು ಒಂದನ್ನು ಹಿಡಿದೆಳೆದರು. ಬೆನ್ನಿನ ರಟ್ಟು ಕೈಗೆ ಬಂತು, ಮಣ್ಣು ನೆಲಕ್ಕೆ ಸುರಿಯಿತು. ಇನ್ನೊಂದನ್ನು ಎಳೆದರು, ಅದೂ ಹಾಗೆಯೇ.

“ನಾ ಮುಟ್ಟಿಲ್ರಿ ಅಕ್ಕೋರ,” ಎಂದರು ಬಾಳಿಕಾಯಿ ಸರ್. “ಒಂದೂ ಹೊರಗ ಹೋಗಿಲ್ರಿ. ಬೇಕಾದ್ರ ಎಣಿಸಿಕೋರಿ.”

ಏಳನೇತ್ತೆ ಮುಗಿಸಿ ಶಾಲೆ ಬಿಟ್ಟ ದಾಖಲೆ ಒಯ್ಯಲು ಬಂದಿದ್ದ ಫಕ್ಕೀರವ್ವ ಬಾಗಿಲಲ್ಲಿ ನಿಂತಿದ್ದಳು. ಅಕ್ಕೋರು ರಿಬ್ಬನ್ ಇದ್ದ ಪುಸ್ತಕವನ್ನು ಎರಡೂ ಕೈಯಿಂದ ತೆಗೆದು ಅವಳಿಗೆ ಕೊಟ್ಟರು. ಗೆದ್ದಲು ಎಡದಿಂದ ಬಂದದ್ದು; ಬೆನ್ನು ಮುಂದಾಗಿ ನಿಂತ ಪುಸ್ತಕಕ್ಕೆ ಎಡವೆಂದರೆ ಕೊನೆಯ ಹಾಳೆ. ರಿಬ್ಬನಿನ ತನಕ ತಿಂದು ನಿಂತಿತ್ತು. ಅವಳು ಉಳಿದ ಹಾಳೆಗಳನ್ನು ತಿರುವಿದಳು.

“ನಾ ಓದಿದ್ದಷ್ಟ ಉಳದೈತ್ರಿ ಅಕ್ಕೋರ.”

ಕಥೆಯ ಆ ಹುಡುಗಿ ನದಿ ಹುಟ್ಟುವಲ್ಲಿಗೆ ಮುಟ್ಟಿದಳೋ ಇಲ್ಲವೋ, ನನಗೂ ತಿಳಿಯದು. ವರ್ಷವಿಡೀ ಆ ಪುಸ್ತಕ ನನ್ನೊಳಗೇ ಇತ್ತು, ಆದರೆ ಮುಚ್ಚಿಕೊಂಡಿತ್ತು.

ಈಗ ನಾನು ಬಿಸಿಯೂಟದ ಕೋಣೆಯಲ್ಲಿದ್ದೇನೆ. ಒಡೆದ ಗಾಜಿಗೆ ಬದಲು ತಗಡು ಹೊಡೆದಿದ್ದಾರೆ. ನನ್ನೊಳಗೆ ತಾಟು, ಸೌಟು, ಅರಿಶಿನದ ಡಬ್ಬಿ. ಅಡುಗೆಯ ನೀಲವ್ವ ಎಣ್ಣೆಗೈಯಿಂದಲೇ ದಿನಕ್ಕೆ ಎಷ್ಟೋ ಸಲ ಕದ ಎಳೆಯುತ್ತಾಳೆ. ಎಳೆದೊಡನೆ ತೆರೆದುಕೊಳ್ಳುತ್ತೇನೆ.

ತೆರೆದುಕೊಳ್ಳುವುದು ನನಗೆ ಆಗಲೂ ಬರುತ್ತಿತ್ತು.