ಅರ್ಜಿಯಲ್ಲಿ ಬರೆಯದ ರೋಗಿ

ಬಾಗಿಲು ಬಡಿದ ಸದ್ದಿಗೆ ಕೈಸಾಳ ಕೈಯಲ್ಲಿದ್ದ ಚಮಚ ಮಂಚದ ಮೇಲಿದ್ದ ಅಜ್ಜನ ತುಟಿಯ ಬಳಿಯೇ ನಿಂತಿತು. ಕತ್ತಲಾದ ಮೇಲೆ, ಅದೂ ಸುಪೀರಿಯರ್ ಸರೋವರದ ಗಾಳಿ ಏಪ್ರಿಲ್‌ನಲ್ಲೂ ಹಿಮ ಎರಚುತ್ತಿರುವಾಗ, ಹ್ಯಾನ್ಕಾಕ್ ಎಂಬ ಈ ಪುಟ್ಟ ಊರಿನಲ್ಲಿ ಯಾರೂ ಹೇಳದೆ ಕೇಳದೆ ಬರುವುದಿಲ್ಲ.

ತಾಯಿ ಸೈಮಿ ಬಾಗಿಲು ತೆರೆದಳು. ಟೋಪಿಯ ಮೇಲೆ ಹಿಮ ಹೊತ್ತು ನಿಂತಿದ್ದವರು ಮಿಸೆಸ್ ಪೆನ್‌ಹೇಲ್; ವೈದ್ಯಕೀಯ ಶಾಲೆಗಳಿಗೆ ಅರ್ಜಿ ಹಾಕುವವರಿಗೆ ದಾರಿ ತೋರುವ, ಕೈಸಾ ಓದಿದ ಕಾಲೇಜಿನ ಸಲಹೆಗಾರ್ತಿ.

"ಎಲ್ಲಿ ನಿನ್ನ ರೋಗಿ?" ಎಂದರು, ಕೋಟನ್ನೂ ಬಿಚ್ಚದೆ.

"ಯಾವ ರೋಗಿ ಮೇಡಂ?"

"ಎರಡು ವರ್ಷದಿಂದ ನನ್ನಿಂದ ಬಚ್ಚಿಟ್ಟಿದ್ದೀಯಲ್ಲ, ಅವರು."

ಕೈಸಾಳ ಮುಖ ಕೆಂಪಾಯಿತು. ಅರ್ಜಿ ಹಾಕಿದ ಶಾಲೆಗಳೆಲ್ಲ ಕಳೆದ ತಿಂಗಳು ಅವಳನ್ನು ತಿರಸ್ಕರಿಸಿದ್ದವು. ಕಾರಣ ವಿಚಾರಿಸಿದಾಗ ಬಂದ ಉತ್ತರ ಒಂದೇ: ಅಂಕಗಳಿಗೇನೂ ಕೊರತೆಯಿಲ್ಲ, ಆದರೆ ಈ ಹುಡುಗಿ ಒಬ್ಬ ರೋಗಿಯ ಪಕ್ಕದಲ್ಲಾದರೂ ಕುಳಿತ ಗುರುತಿಲ್ಲ. ಬೇಸಿಗೆಯಲ್ಲಿ ಮತ್ತೆ ಅರ್ಜಿ ಹಾಕಬೇಕು. ಅದಕ್ಕಾಗಿ ಅವಳು ದೂರದ ಡೆಟ್ರಾಯಿಟ್‌ನ ಆಸ್ಪತ್ರೆಯೊಂದರಲ್ಲಿ ಸಹಾಯಕಿಯ ಕೆಲಸ ಹಿಡಿದಿದ್ದಳು, ಸೋಮವಾರ ಹೊರಡಬೇಕು. ತಾಯಿಗೆ ಮಧ್ಯಾಹ್ನದ ಬೇಕರಿಯ ದುಡಿತ ತಪ್ಪದು. ಹೀಗಾಗಿ ಅಜ್ಜನನ್ನು ಅದೇ ದಿನ ಆರೈಕೆ ಮನೆಗೆ ಸೇರಿಸುವುದೆಂದಾಗಿತ್ತು. ಅವನ ಚೀಲ ಬಾಗಿಲ ಬಳಿ ಸಿದ್ಧವಾಗಿತ್ತು. ಅದನ್ನು ಕಂಡಂದಿನಿಂದ ಅಜ್ಜ ಉಣ್ಣುವಾಗ ಬಿಟ್ಟರೆ ಗೋಡೆಯ ಕಡೆಗೇ ಮುಖ ಮಾಡಿ ಮಲಗುತ್ತಿದ್ದ; ಈಗಲೂ ಅತ್ತ ಹೊರಳಿಕೊಂಡಿದ್ದ.

"ಅಜ್ಜನಿಗೆ ಲಕ್ವ ಹೊಡೆದದ್ದು, ನೀನು ಉಣಿಸಿ, ಮೀಯಿಸಿ, ಮಾತು ಕಲಿಸ್ತಿರೋದು, ಇದರಲ್ಲಿ ಒಂದಕ್ಷರಾನೂ ಯಾಕೆ ಬರೀಲಿಲ್ಲ?"

"ಅಜ್ಜನಿಗೆ ಊಟ ಮಾಡಿಸಿದ್ದನ್ನ ಅರ್ಜೀಲಿ ಬರೀತಾರಾ ಮೇಡಂ? ನಾಚಿಕೆಗೇಡು."

"ನಮ್ಮಲ್ಲಿ ತಮ್ಮ ಬೆನ್ನು ತಾವೇ ತಟ್ಟಿಕೊಳ್ಳಲ್ಲ," ಎಂದು ಸೈಮಿ ಕಾಫಿ ಬಗ್ಗಿಸಿ, ಏಲಕ್ಕಿ ಬ್ರೆಡ್ಡಿನ ತಟ್ಟೆ ಸರಿಸಿದಳು.

"ನೀವು ಫಿನ್‌ಲ್ಯಾಂಡಿನವರು! ಮನೆಗೆ ಬೆಂಕಿ ಬಿದ್ದರೂ ಪಕ್ಕದವರ ನಿದ್ದೆ ಕೆಡಿಸೋದ್ಯಾಕೆ ಅಂತ ಸುಮ್ಮನಿರೋ ಜನ." ಪೆನ್‌ಹೇಲ್ ಕುರ್ಚಿ ಎಳೆದು ಕುಳಿತರು. "ಕೇಳು. ಇದನ್ನ ಇದ್ದದ್ದು ಇದ್ದ ಹಾಗೆ ಬರಿ. ಇಲ್ಲಿನ ಆಸ್ಪತ್ರೇಲಿ ಲಕ್ವದವರ ವಾರ್ಡಿಗೆ ಬೆಳಗಿನ ಹೊತ್ತು ಜನ ಬೇಕಂತೆ, ನಾನು ಮಾತಾಡಿದ್ದೀನಿ. ಡೆಟ್ರಾಯಿಟ್‌ಗೆ ಓಡೋದು ಬೇಡ."

ಕೈಸಾ ಬಾಗಿಲ ಬಳಿಯ ಚೀಲವನ್ನು ನೋಡಿದಳು. ಅದನ್ನು ಇನ್ನು ಬಿಚ್ಚಿಡಬಹುದು. ಆದರೂ ಕೋಪ ಆರಲಿಲ್ಲ. "ನಮ್ಮ ಮನೆ ಮಾತನ್ನ ಬೀದಿಗೆ ಹಾಕಿದ್ದು ಯಾರು ಮೇಡಂ?" ಎಂದಳು.

"ಯಾರು ಅಂತ ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ," ಎಂದರು ಪೆನ್‌ಹೇಲ್. "ಮಧ್ಯಾಹ್ನ ನಿಮ್ಮ ಮನೆಗೆ ಫೋನ್ ಮಾಡಿದ್ದೆ. ಎತ್ತಿದವರು ಎಲ್ಲ ಹೇಳಿದರು."

"ಅಮ್ಮಾ, ನೀನಾ?"

"ಮಧ್ಯಾಹ್ನ ನಾನು ಬೇಕರೀಲಿ ಹಿಟ್ಟು ನಾದ್ತಿದ್ದೆ ಕಣೇ. ನೀನೇ ಅಂಗಡಿಗೆ ಹೋಗಿದ್ದೆ."

"ಹಾಗಾದ್ರೆ ಪಕ್ಕದ ಮನೆ ರೇನೋ! ಅಜ್ಜನ ಹತ್ತಿರ ಅವನನ್ನೇ ಕೂರಿಸಿ ಹೋಗಿದ್ದೆ."

"ರೇನೋನಾ?" ಎಂದಳು ಸೈಮಿ. "ಮದುವೆ ದಿನ ಅವನ ಬಾಯಿಂದ 'ಆಗಲಿ' ಅನ್ನಿಸೋಕೆ ಪಾದ್ರಿಗೆ ಬೆವರಿಳೀತು. ಅವನು ಫೋನಲ್ಲಿ ಮಾತಾಡ್ತಾನಾ? ಸೋಫಾದ ಮೇಲೆ ಗೊರಕೆ ಹೊಡೀತಿದ್ದಿರಬೇಕು."

ಪೆನ್‌ಹೇಲ್ ನಕ್ಕು ಕಾಫಿ ಕಲಕತೊಡಗಿದರು. ಕಲಕುತ್ತ, ತಮಗರಿವಿಲ್ಲದೆಯೇ, ಒಂದು ರಾಗ ಗುನುಗಿದರು.

ಕೈಸಾ ಬೆಚ್ಚಿಬಿದ್ದಳು. ಆ ರಾಗ ಚರ್ಚಿನದಲ್ಲ, ರೇಡಿಯೋದ್ದೂ ಅಲ್ಲ. ಈ ಮಂಚದ ಪಕ್ಕದಲ್ಲಿ ಕುಳಿತು ಅವಳೇ ಕಟ್ಟಿದ ರಾಗ. ಲಕ್ವ ಮಾತನ್ನು ಕಿತ್ತುಕೊಂಡರೂ ಹಾಡನ್ನು ಒಮ್ಮೊಮ್ಮೆ ಬಿಟ್ಟಿರುತ್ತದೆ ಎಂದು ಆಸ್ಪತ್ರೆಯವರು ಹೇಳಿದ್ದರು. ಎಷ್ಟೋ ತಿಂಗಳ ಮೇಲೆ, ಆ ರಾಗಕ್ಕೇ ಜೋತುಬಿದ್ದು, "ನೀರು ಬೇಕು, ಕೈಸಾ" ಎಂಬ ಮಾತು ಅಜ್ಜನ ಬಾಯಿಂದ ಹೊರಬಂದಿತ್ತು. ಆಮೇಲೆ ಬೇರೆ ಮಾತುಗಳೂ ಒಂದೊಂದಾಗಿ ಅದೇ ರಾಗ ಹಿಡಿದು ಬಂದಿದ್ದವು. ತನ್ನ ಹೆಸರು ಮಾತ್ರ ಅವನಿಗೆ ಒಲಿದಿರಲಿಲ್ಲ. ದಿನವೂ ಕನ್ನಡಿ ಹಿಡಿದು, "ಇವರು ಯಾರಜ್ಜ? ಅರ್ವೋ ಅನ್ನು," ಎಂದರೆ ಬರೀ "ಆ" ಎಂದು ನಿಲ್ಲುತ್ತಿದ್ದ.

ಅವಳು ಮೆಲ್ಲನೆ ತಿರುಗಿದಳು. ಮಂಚದ ತಲೆಯ ಬಳಿ, ಅಜ್ಜನ ಕೈಗೆಟಕುವಲ್ಲೇ ಫೋನ್ ಇತ್ತು. ಗೋಡೆಯ ಕಡೆಗಿದ್ದ ಮುಖ ಈಗ ಇತ್ತ ಹೊರಳಿತ್ತು. ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನಂತೆ ಅಜ್ಜ ಕಣ್ಣು ತಪ್ಪಿಸಿದ.

ಕೈಸಾ ಮಂಚದ ಬಳಿ ಮಂಡಿಯೂರಿ ಅವನ ಎಡಗೈ ಹಿಡಿದಳು.

"ಮೇಡಂಗೆ ನನ್ನ ವಿಷಯ ಹೇಳಿದ್ದು ಯಾರಜ್ಜ?"

ಗಂಟಲು ಅಲುಗಿತು. ಅದೇ ರಾಗದ ಮೊದಲ ಎಳೆ ಹಿಡಿದು ಅವನು ಹಾಡಿದ:

"ಅರ್... ವೋ."